‘ಕೆಳಗೆ ವಾಸನೆ ಬರ್ತಿದೆ’ ಎಂದು ಡಾಕ್ಟರಿಗೆ ಹೇಳುವುದು ಹೇಗೆ

ಮೊದಲು ಸೋಪನ್ನು ಪಕ್ಕಕ್ಕಿಡಿ. ಕಡಲೆಹಿಟ್ಟು, ಬೇವಿನ ನೀರು, ಪಟಿಕದ ನೀರು, ಗಾಯ ತೊಳೆಯುವ ಆಂಟಿಸೆಪ್ಟಿಕ್, ಮೆಡಿಕಲ್ ಶಾಪಿನ ‘ಇಂಟಿಮೇಟ್ ವಾಶ್’ ಎಲ್ಲವನ್ನೂ ಪಕ್ಕಕ್ಕಿಡಿ. ಕೆಳಗಿನಿಂದ ಕೆಟ್ಟ ವಾಸನೆ ಬರುತ್ತಿದೆ ಅನ್ನಿಸಿದ ಕೂಡಲೇ ನಾವು ಹೆಂಗಸರು ಮಾಡುವ ಮೊದಲ ಕೆಲಸ ತೊಳೆಯುವುದು. ಹೋಗದಿದ್ದರೆ ಇನ್ನೂ ಜೋರಾಗಿ ತೊಳೆಯುವುದು. ಆದರೆ ಈ ವಾಸನೆ ಬಹಳ ಸಲ ಕೊಳೆಯಿಂದ ಬಂದದ್ದಲ್ಲ. ಒಳಗೆ ತೊಳೆದಷ್ಟೂ ಜಾಸ್ತಿಯೇ ಆಗಬಹುದು.

ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಬಸ್ ಕಂಡಕ್ಟರ್. ಹಾಸನ, ಅರಸೀಕೆರೆ ಕಡೆ ಡ್ಯೂಟಿ. ಈ ತೊಂದರೆ ನನಗೆ ಬಂತು, ವಾಸಿಯಾಯಿತು, ಮತ್ತೆ ಬಂತು, ಮತ್ತೆ ವಾಸಿಯಾಯಿತು. ಡಾಕ್ಟರು ಹೇಳಿದ್ದು, ಆಮೇಲೆ ನಾನೇ ಹುಡುಕಿ ಓದಿದ್ದು, ಆಸ್ಪತ್ರೆಯ ಕ್ಯೂನಲ್ಲಿ ಕಲಿತದ್ದು ಎಲ್ಲ ಸೇರಿಸಿ ಬರೆಯುತ್ತಿದ್ದೇನೆ. ನಾಚಿಕೆ ಬಿಟ್ಟೇ ಬರೆಯುತ್ತೇನೆ. ಇಲ್ಲದಿದ್ದರೆ ಉಪಯೋಗವಿಲ್ಲ.

ಮನಸ್ಸಿನೊಳಗೆ ಏನಾಗುತ್ತದೆ

ನನ್ನ ಕೆಲಸದಲ್ಲಿ ಜನರಿಂದ ದೂರ ನಿಲ್ಲುವ ಹಾಗೇ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಕೇಳಲೇಬೇಡಿ. ಬೆಳಗಿನ ಟ್ರಿಪ್ಪಿನಲ್ಲಿ ಆಧಾರ್ ಕಾರ್ಡ್ ಹಿಡಿದ ಹೆಂಗಸರು, ಕಾಲೇಜು ಮಕ್ಕಳು, ಸಂತೆಗೆ ಹೋಗುವವರ ಚೀಲ. ಆ ಸಂದಿಯಲ್ಲೇ ನುಗ್ಗಿ ಟಿಕೆಟ್ ಹರಿಯಬೇಕು. ಒಂದು ವಿಷಯ ಯಾರೂ ಗಮನಿಸಿರುವುದಿಲ್ಲ. ಸೀಟಿನಲ್ಲಿ ಕೂತವರ ಮುಖದ ಎತ್ತರಕ್ಕೆ ಸರಿಯಾಗಿ ನಿಂತಿರುವ ಕಂಡಕ್ಟರಿನ ಸೊಂಟ ಬರುತ್ತದೆ. ಆ ದಿನಗಳಲ್ಲಿ ನನಗೆ ಅದೊಂದೇ ಯೋಚನೆ. ಯಾರಾದರೂ ಮೂಗು ಉಜ್ಜಿದರೆ ನನ್ನಿಂದ. ಕಿಟಕಿಯ ಗಾಜು ಸರಿಸಿದರೆ ನನ್ನಿಂದ. ಮೋರಿ ಪಕ್ಕ ಬಸ್ ನಿಂತಾಗ ಇಡೀ ಬಸ್ಸು ಕರ್ಚೀಫ್ ತೆಗೆದರೂ ನನ್ನಿಂದಲೇ! ಚಿಲ್ಲರೆ ಕೊಡುವಾಗ ದೇಹ ಒಂದು ಕಡೆ, ಕೈ ಒಂದು ಕಡೆ ಚಾಚಿ ಕೊಡುತ್ತಿದ್ದೆ. ಡ್ರೈವರ್ ಅಣ್ಣ ‘ಸೊಂಟ ನೋವೇನಮ್ಮ’ ಎಂದು ಕೇಳಿದ್ದೂ ಉಂಟು.

ಮನೆಯಲ್ಲಿ ಇನ್ನೊಂದು ಥರ. ಮಗಳನ್ನು ನಮ್ಮಿಬ್ಬರ ಮಧ್ಯೆ ಮಲಗಿಸುವುದು. ಗಂಡ ಹತ್ತಿರ ಬಂದರೆ ‘ತಲೆನೋವು ರೀ’ ಅನ್ನುವುದು. ಮದುವೆ ಮನೆಯಲ್ಲಿ ಕೊನೆಯ ಕುರ್ಚಿ ಹುಡುಕುವುದು. ಎದ್ದ ಕೂಡಲೇ ಕೂತಿದ್ದ ಜಾಗ ನೋಡುವುದು. ದಿನವೂ ಪ್ಯಾಡ್ ಹಾಕುವುದು. ಒಳಉಡುಪನ್ನು ಹಗ್ಗದ ಮೇಲೆ ಲಂಗದ ಅಡಿಯಲ್ಲಿ ಬಚ್ಚಿಟ್ಟು ಒಣಗಿಸುವುದು. ‘ಅತ್ತೆಯ ಮೂಗು ಚುರುಕು’ ಎಂದು ಪೂಜೆಯ ದಿನ ದೇವರ ಮನೆ ಬಾಗಿಲಲ್ಲೇ ನಿಲ್ಲುವುದು. ಇವುಗಳಲ್ಲಿ ಮೂರು ನಾಲ್ಕು ನೀವೂ ಮಾಡುತ್ತಿದ್ದರೆ, ವಾಸನೆ ಎಷ್ಟೇ ಕಡಿಮೆ ಇರಲಿ, ಡಾಕ್ಟರ ಹತ್ತಿರ ಹೋಗುವ ಸಮಯ ಬಂದಿದೆ ಎಂದೇ ಅರ್ಥ. ಕಾಯಿಲೆ ದೊಡ್ಡದೋ ಚಿಕ್ಕದೋ ಅನ್ನುವುದು ಆಮೇಲಿನ ಮಾತು. ಅದು ನಿಮ್ಮ ದಿನವನ್ನು ಎಷ್ಟು ತಿನ್ನುತ್ತಿದೆ ಅನ್ನುವುದೇ ಸಾಕಷ್ಟು ಕಾರಣ.

ಹೀಗೆ ಬಚ್ಚಿಟ್ಟುಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್, ಡಾ. ಅಭಯ್ ಬಂಗ್ ದಂಪತಿ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷೆ ಮಾಡಿದ್ದರು. 1989ರಲ್ಲಿ ಅದು ಪ್ರಕಟವಾಯಿತು. ನೂರರಲ್ಲಿ 92 ಮಂದಿಗೆ ಒಂದಲ್ಲ ಒಂದು ಹೆಂಗಸರ ಕಾಯಿಲೆ ಇತ್ತು. ಅದಕ್ಕೆ ಮುಂಚೆ ಈ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರರಲ್ಲಿ 8 ಮಂದಿ ಮಾತ್ರ. ಗೋವಾದಲ್ಲಿ ಆಮೇಲೆ ಸುಮಾರು ಎರಡೂವರೆ ಸಾವಿರ ಹೆಂಗಸರ ಮೇಲೆ ನಡೆದ ಅಧ್ಯಯನ ಇನ್ನೊಂದು ಮಗ್ಗುಲು ತೋರಿಸಿತು. ಬಿಳಿ ಸೆರಗಿನ ದೂರಿಗೂ ಮನಸ್ಸಿನ ಬೇಗುದಿಗೂ ಗಟ್ಟಿ ಸಂಬಂಧ ಇತ್ತು. ಬಿಳಿ ಹೋಗುತ್ತಿದೆ ಎಂದು ಬಂದವರಲ್ಲಿ ಎಷ್ಟೋ ಮಂದಿ ಒಳಗೊಳಗೇ ಬೇಸತ್ತವರು, ಭಯದಲ್ಲಿದ್ದವರು. ಹಾಗಾಗಿ ‘ಎಲ್ಲಾ ನಿನ್ನ ಭ್ರಮೆ’ ಅನ್ನುವವರ ಮಾತು ತಪ್ಪು. ‘ಬರೀ ಇನ್ಫೆಕ್ಷನ್, ಮಾತ್ರೆ ನುಂಗು’ ಅನ್ನುವುದೂ ಅರ್ಧ ಮಾತೇ.

ವಾಸನೆ ಎಲ್ಲಿಂದ ಬರುತ್ತದೆ

ಸ್ವಲ್ಪ ಹುಳಿಹುಳಿ ವಾಸನೆ ಇರುವುದು ಸಹಜ. ಬೇಸಿಗೆಯಲ್ಲಿ ಎಂಟು ಗಂಟೆ ಡ್ಯೂಟಿ ಮಾಡಿ ಬಂದ ಮೈಗೆ ತೊಡೆಸಂದಿಯ ಬೆವರಿನ ವಾಸನೆಯೂ ಇರುತ್ತದೆ. ಸ್ನಾನ ಮಾಡಿದರೆ ಹೋಗುತ್ತದೆ. ಅದಕ್ಕೆ ಔಷಧಿ ಬೇಡ.

ಆರೋಗ್ಯವಾಗಿದ್ದಾಗ ಯೋನಿಯ ಒಳಗೆ ಹುಳಿ ಗುಣ ಇರುತ್ತದೆ. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ 3.8ರಿಂದ 4.5. ಈ ಅಂಕಿ ಏರಿದಷ್ಟೂ ಹುಳಿ ಕಡಿಮೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಅಲ್ಲಿ ಲ್ಯಾಕ್ಟಿಕ್ ಆಮ್ಲ ತಯಾರಿಸಿ ಈ ಹುಳಿಯನ್ನು ಕಾಪಾಡುತ್ತವೆ. ಅವು ಕಡಿಮೆಯಾದರೆ ಗಾರ್ಡ್ನರೆಲ್ಲಾ ಮತ್ತು ಅದರ ಜೊತೆಯ ಬ್ಯಾಕ್ಟೀರಿಯಾಗಳು ವಿಪರೀತ ಬೆಳೆಯುತ್ತವೆ. ಇದಕ್ಕೆ ಬ್ಯಾಕ್ಟೀರಿಯಲ್ ವೆಜೈನೋಸಿಸ್ ಎನ್ನುತ್ತಾರೆ. ಡಾಕ್ಟರುಗಳ ಬಾಯಲ್ಲಿ ‘ಬಿವಿ’. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಜಗತ್ತಿನಾದ್ಯಂತ ನೂರಕ್ಕೆ 23ರಿಂದ 29 ಮಂದಿಗೆ ಇದು ಇರುತ್ತದೆ ಎಂಬುದು ಲೆಕ್ಕ. ನನ್ನ ಬಸ್ಸಿನಲ್ಲಿ ಐವತ್ತು ಹೆಂಗಸರಿದ್ದರೆ ಹನ್ನೆರಡು ಹದಿನಾಲ್ಕು ಮಂದಿ ಅಂತಾಯಿತು. ಇದನ್ನು ಓದಿದ ದಿನ ನನಗೆ ಒಂಥರಾ ನಗು ಬಂತು. ನಾವೆಲ್ಲ ಒಬ್ಬರಿಂದ ಒಬ್ಬರು ಬಚ್ಚಿಟ್ಟುಕೊಂಡು ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೇವೆ!

ಬಿವಿಯಲ್ಲಿ ಬರುವುದು ಮೀನಿನ ಥರದ ನೀಚು ವಾಸನೆ. ತೆಳುವಾದ, ಬೂದು ಅಥವಾ ಬಿಳಿ ಬಣ್ಣದ ಸ್ರಾವ ಇರುತ್ತದೆ. ತುರಿಕೆ ಅಷ್ಟಾಗಿ ಇರುವುದಿಲ್ಲ. ಕೆಲವರಿಗೆ ಏನೂ ಗೊತ್ತಾಗುವುದೇ ಇಲ್ಲ. ಈ ಬ್ಯಾಕ್ಟೀರಿಯಾಗಳು ಅಮೀನ್ ಎಂಬ ರಾಸಾಯನಿಕಗಳನ್ನು ಮಾಡುತ್ತವೆ. ಹುಳಿ ಕಡಿಮೆಯಾಗಿ ಕ್ಷಾರ ಜಾಸ್ತಿಯಾದ ಕೂಡಲೇ ಅವು ಗಾಳಿಗೆ ಏಳುತ್ತವೆ. ಮುಟ್ಟಿನ ರಕ್ತ ಕ್ಷಾರ, ವೀರ್ಯ ಕ್ಷಾರ. ಅದಕ್ಕೇ ಮುಟ್ಟಿನ ದಿನಗಳಲ್ಲಿ ಮತ್ತು ಗಂಡನ ಜೊತೆ ಸೇರಿದ ಮೇಲೆ ವಾಸನೆ ಏರುತ್ತದೆ. ನಮ್ಮ ಸ್ನಾನದ ಸೋಪೂ ಕ್ಷಾರವೇ. ಒಳಗೆ ಸೋಪು ಹಾಕಿ ತೊಳೆದರೆ ಹುಳಿಯೂ ಹೋಗುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾವೂ ಹೋಗುತ್ತದೆ. ಹಾಗಂತ ಮೊಸರು, ನಿಂಬೆಹಣ್ಣು, ಬೆಳ್ಳುಳ್ಳಿ ಒಳಗೆ ಇಡಲು ಹೋಗಬೇಡಿ. ಅದನ್ನೂ ಹೇಳುವವರಿದ್ದಾರೆ.

ಎಲ್ಲ ವಾಸನೆಯೂ ಬಿವಿ ಅಲ್ಲ. ಮೊಸರು ಒಡೆದ ಹಾಗೆ ಗಟ್ಟಿ ಬಿಳಿ, ಜೊತೆಗೆ ತಡೆಯಲಾರದ ತುರಿಕೆ ಇದ್ದರೆ ಅದು ಸಾಮಾನ್ಯವಾಗಿ ಫಂಗಸ್. ಅದರಲ್ಲಿ ವಾಸನೆ ಕಡಿಮೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಪದೇ ಪದೇ ಬರುತ್ತದೆ. ಹಳದಿ ಹಸಿರು ಬಣ್ಣ, ನೊರೆ, ಉರಿ, ವಾಸನೆ ಎಲ್ಲ ಒಟ್ಟಿಗೆ ಬಂದರೆ ಟ್ರೈಕೊಮೊನಾಸ್ ಎಂಬ ಸೋಂಕು ಇರಬಹುದು. ಅದು ಲೈಂಗಿಕ ಸಂಪರ್ಕದಿಂದ ಹರಡುವಂಥದ್ದು, ಗಂಡ ಹೆಂಡತಿ ಇಬ್ಬರೂ ಮಾತ್ರೆ ತೆಗೆದುಕೊಳ್ಳಲೇಬೇಕು. ಮುಟ್ಟಿನಲ್ಲಿ ಒಳಗೆ ಇಟ್ಟುಕೊಳ್ಳುವ ಟ್ಯಾಂಪನ್ ತೆಗೆಯಲು ಮರೆತಿದ್ದರೆ, ಹೆರಿಗೆಯಲ್ಲಿ ಇಟ್ಟ ಹತ್ತಿ ಉಳಿದಿದ್ದರೆ ಕೊಳೆತ ವಾಸನೆ ಬರುತ್ತದೆ. ತೆಗೆದರೆ ಮುಗಿಯಿತು.

ಇನ್ನೊಂದಿದೆ. ನಮ್ಮಂಥ ಕೆಲಸದವರು ಇದನ್ನು ಗಮನಿಸಬೇಕು. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಒಂದೆರಡು ಹನಿ ಮೂತ್ರ ಸೋರುವುದು. ಹೆರಿಗೆಯಾದ ಎಷ್ಟೋ ಮಂದಿಗೆ ಇದೆ. ಆ ಬಟ್ಟೆಯ ವಾಸನೆಯನ್ನೇ ‘ಒಳಗಿನ ವಾಸನೆ’ ಎಂದುಕೊಂಡು ವರ್ಷಗಟ್ಟಲೆ ಬಿಳಿ ಸೆರಗಿನ ಔಷಧಿ ತಿನ್ನುವವರಿದ್ದಾರೆ. ಅದಕ್ಕೆ ಬೇಕಾಗಿರುವುದು ತಳಭಾಗದ ಸ್ನಾಯುಗಳ ವ್ಯಾಯಾಮ. ಅದನ್ನೂ ಡಾಕ್ಟರೇ ಹೇಳಿಕೊಡುತ್ತಾರೆ, ಕೇಳಿದರೆ.

ಕೆಲವು ಸೂಚನೆ ಕಂಡರೆ ಮಾತ್ರ ‘ಮುಂದಿನ ವಾರ ನೋಡೋಣ’ ಬೇಡ. ಜ್ವರ ಮತ್ತು ಕಿಬ್ಬೊಟ್ಟೆ ನೋವು. ಹೆರಿಗೆ ಅಥವಾ ಗರ್ಭಪಾತ ಆದಮೇಲೆ ಬರುವ ಕೆಟ್ಟ ವಾಸನೆ. ಗಂಡನ ಜೊತೆ ಸೇರಿದ ಮೇಲೆ ರಕ್ತ. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ. ಇವುಗಳಲ್ಲಿ ಯಾವುದಿದ್ದರೂ ಅವತ್ತೇ ಹೋಗಿ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಕೂಡ ನಾರುವ ಸ್ರಾವದಿಂದ ಗೊತ್ತಾಗುವುದುಂಟು. ಹೆದರಿಸಲು ಹೇಳುತ್ತಿಲ್ಲ. ಮೂವತ್ತು ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಆ ತಪಾಸಣೆಯೂ ಇದೆ. ಹೇಗೂ ಟೇಬಲ್ ಹತ್ತಿರುತ್ತೀರಿ, ಅದನ್ನೂ ಮಾಡಿಸಿಕೊಂಡು ಇಳಿಯಿರಿ.

ಹೋಗುವ ಮುಂಚೆ

ಮುಟ್ಟಿನ ದಿನ ಬಿಟ್ಟು ಹೋಗಿ. ಮೇಲೆ ಹೇಳಿದ ಅಪಾಯದ ಸೂಚನೆ ಇದ್ದರೆ ಅದನ್ನೂ ನೋಡಬೇಡಿ. ಹೋಗುವ ಹಿಂದಿನ ದಿನದಿಂದ ಒಳಗೆ ತೊಳೆಯಬೇಡಿ, ಕ್ರೀಮ್ ಹಚ್ಚಬೇಡಿ, ಗಂಡನ ಜೊತೆ ಸೇರಬೇಡಿ. ಇದು ಬಹಳ ಕಷ್ಟ ಅನ್ನಿಸುತ್ತದೆ. ಡಾಕ್ಟರ ಮುಂದೆ ವಾಸನೆ ಬಂದರೆ ಎಂಬ ಭಯ. ಆದರೆ ತೊಳೆದು ಪೌಡರ್ ಹಾಕಿಕೊಂಡು ಹೋದರೆ ಅವರಿಗೆ ಕಾಣಬೇಕಾದದ್ದು ಕಾಣುವುದಿಲ್ಲ. ಅವರಿಗೆ ಬೇಕಾಗಿರುವುದೇ ಆ ವಾಸನೆ. ಬಿವಿ ಪತ್ತೆಗೆ ಮಾಡುವ ಒಂದು ಪರೀಕ್ಷೆಯಲ್ಲಿ ಸ್ರಾವದ ಮೇಲೆ ಒಂದು ತೊಟ್ಟು ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹಾಕಿ ಮೂಸಿಯೇ ನೋಡುತ್ತಾರೆ!

ಬಟ್ಟೆ ಸೀರೆ ಅಥವಾ ಸಡಿಲ ಚೂಡಿದಾರ ಇರಲಿ. ನಾನು ಯೂನಿಫಾರ್ಮ್ ಪ್ಯಾಂಟಿನಲ್ಲೇ ಹೋದರೆ ಅರ್ಧ ಹೊತ್ತು ಬೆಲ್ಟ್ ಬಿಚ್ಚುವುದರಲ್ಲೇ ಹೋಗುತ್ತಿತ್ತು. ಮೂತ್ರ ಮಾಡಿಕೊಂಡು ಹೋಗಿ. ಆದರೆ ಮೂತ್ರ ಪರೀಕ್ಷೆ ಕೇಳಿದರೆ ಕೊಡಬೇಕಾಗುತ್ತದೆ, ಒಂದು ಬಾಟಲಿ ನೀರು ಜೊತೆಗಿರಲಿ. ಕೊನೆಯ ಮುಟ್ಟಿನ ತಾರೀಖು, ಈಗ ತಿನ್ನುತ್ತಿರುವ ಮಾತ್ರೆ, ಹಿಂದೆ ಹಚ್ಚಿದ ಕ್ರೀಮಿನ ಖಾಲಿ ಟ್ಯೂಬ್ ತೆಗೆದುಕೊಂಡು ಹೋಗಿ.

ಜೊತೆಗೆ ಯಾರು? ನಿಮ್ಮ ಬಗ್ಗೆ ಊರಿಗೆಲ್ಲ ಹೇಳದವರು ಯಾರೋ ಅವರು. ನನಗೆ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಅಕ್ಕ. ಅವರಿಗೆ ಹೇಳಲು ನಾನು ಬಾಯಿ ತೆರೆದಾಗ ‘ಬಿಳಿ ಹೋಗ್ತಿದೆಯಾ, ವಾಸನೆನಾ?’ ಎಂದು ಅವರೇ ಮಾತು ಮುಗಿಸಿದರು. ದಿನಾ ಕೇಳುವ ಮಾತು ಅವರಿಗೆ. ‘ಮೈಗೆ ಉಷ್ಣ ಆಗಿದೆ, ಗಂಜಿ ಕುಡಿ’ ಅನ್ನುವ ಅತ್ತಿಗೆಯನ್ನು ಮಾತ್ರ ಕರೆದುಕೊಂಡು ಹೋಗಬೇಡಿ. ಗಂಜಿ ಕುಡಿಯಿರಿ, ಒಳ್ಳೆಯದೇ. ಅದರಿಂದ ಈ ವಾಸನೆ ಹೋಗುವುದಿಲ್ಲ, ಅಷ್ಟೆ.

ಆಸ್ಪತ್ರೆಯಲ್ಲಿ

ಎಲ್ಲರೂ ಎಡವುವ ಜಾಗ ಡಾಕ್ಟರ ಕೋಣೆ ಅಲ್ಲ, ಚೀಟಿ ಕೌಂಟರ್. ಹಿಂದೆ ಇಪ್ಪತ್ತು ಜನ, ಪಕ್ಕದಲ್ಲಿ ಯಾರದೋ ಗಂಡ. ಕಿಟಕಿಯಾಚೆಯ ಹುಡುಗ ‘ಏನ್ ತೊಂದರೆ?’ ಎಂದು ಗಟ್ಟಿಯಾಗಿ ಕೇಳುತ್ತಾನೆ. ಅಲ್ಲೇ ಎಷ್ಟೋ ಜನ ‘ತಲೆನೋವು’ ಎಂದು ಹೇಳಿ ಬೇರೆ ಕೋಣೆಗೆ ಹೋಗಿ ಪ್ಯಾರಾಸಿಟಮಾಲ್ ತೆಗೆದುಕೊಂಡು ಮನೆಗೆ ಬರುತ್ತಾರೆ. ಅವನಿಗೆ ಕಾಯಿಲೆ ಹೇಳಬೇಕಾಗಿಲ್ಲ, ವಿಭಾಗ ಹೇಳಿದರೆ ಸಾಕು. ‘ಓಬಿಜಿ ಚೀಟಿ ಕೊಡಿ’ ಅನ್ನಿ. ಹೆರಿಗೆ ಮತ್ತು ಹೆಂಗಸರ ವಿಭಾಗಕ್ಕೆ ಆಸ್ಪತ್ರೆಯಲ್ಲಿ ಹಾಗೇ ಹೇಳುವುದು. ಮತ್ತೆ ಕೇಳಿದರೆ ‘ಡಾಕ್ಟರಿಗೆ ಹೇಳ್ತೀನಿ’ ಅನ್ನಿ. ಅಷ್ಟು ಹೇಳುವ ಹಕ್ಕು ನಿಮಗಿದೆ.

ಜಿಲ್ಲಾ ಆಸ್ಪತ್ರೆಯಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ಕೋಣೆಯೂ ಇರುತ್ತದೆ. ಲೈಂಗಿಕ ಮತ್ತು ಜನನಾಂಗದ ಸೋಂಕಿಗೆಂದೇ ಇರುವುದು, ಪುಕ್ಕಟೆ. ಅಲ್ಲಿ ಆಪ್ತ ಸಮಾಲೋಚಕರು ಬಾಗಿಲು ಮುಚ್ಚಿ ಮಾತಾಡುತ್ತಾರೆ. ಬೋರ್ಡ್ ನೋಡಿ ‘ಇಲ್ಲಿಗೆ ಬರುವವರು ಎಂಥವರೋ’ ಎಂದು ಕಾಲು ಹಿಂದೆಗೆಯಬೇಡಿ. ಬರುವವರು ನಿಮ್ಮ ನನ್ನಂಥವರೇ. ಅಲ್ಲಿ ಬಣ್ಣದ ಪೊಟ್ಟಣಗಳಲ್ಲಿ ಔಷಧಿ ಕೊಡುತ್ತಾರೆ. ಯೋನಿ ಸ್ರಾವಕ್ಕೆ ಹಸಿರು ಪೊಟ್ಟಣ. ಅದರಲ್ಲಿ ಸೆಕ್ನಿಡಜೋಲ್ 2 ಗ್ರಾಂ, ಫ್ಲುಕೊನಜೋಲ್ 150 ಮಿಲಿಗ್ರಾಂ ಇರುತ್ತದೆ. ಬಿವಿ, ಟ್ರೈಕೊಮೊನಾಸ್, ಫಂಗಸ್ ಮೂರಕ್ಕೂ ಒಂದೇ ಸಲ ಗುರಿ.

ಡಾಕ್ಟರ ಮುಂದೆ ಮೊದಲ ವಾಕ್ಯವೇ ಇದಾಗಿರಲಿ: ‘ಮೇಡಂ, ಕೆಳಗೆ ಕೆಟ್ಟ ವಾಸನೆ ಬರ್ತಿದೆ.’ ‘ಸುಸ್ತು’, ‘ಸೊಂಟ ನೋವು’, ‘ಏನೋ ಒಂಥರಾ’ ಎಂದು ಸುತ್ತುಬಳಸಿದರೆ ಅವರು ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಬರೆದು ಮುಂದಿನವರನ್ನು ಕರೆಯುತ್ತಾರೆ. ಅವರಿಗೂ ಸಮಯವಿಲ್ಲ. ಮನೆಯಲ್ಲಿ ಅಡುಗೆ ಮಾಡುವಾಗ ಆ ಒಂದು ವಾಕ್ಯವನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ನಗಬೇಡಿ. ಟಿಕೆಟ್ ಟಿಕೆಟ್ ಎಂದು ಕೂಗಿ ಗಂಟಲು ಪಳಗಿದ ನನಗೇ ಆ ವಾಕ್ಯ ಹೊರಗೆ ಬರಲು ಕಷ್ಟಪಟ್ಟಿತು.

ಗಂಡನ ಬಗ್ಗೆ, ಸೇರುವುದರ ಬಗ್ಗೆ, ಬೇರೆ ಸಂಬಂಧದ ಬಗ್ಗೆ ಕೇಳುತ್ತಾರೆ. ಅವಮಾನಕ್ಕೆ ಕೇಳುವುದಲ್ಲ, ಯಾವ ಪರೀಕ್ಷೆ ಬೇಕು ಎಂದು ತಿಳಿಯಲು. ಜೊತೆಗೆ ಬಂದವರ ಮುಂದೆ ಹೇಳಲು ಆಗದಿದ್ದರೆ ‘ಸ್ವಲ್ಪ ಹೊರಗೆ ಇರಿ’ ಎಂದು ಅವರನ್ನು ಕಳಿಸಿ.

ಪರೀಕ್ಷೆ ಹೇಗಿರುತ್ತದೆ? ಮಂಡಿ ಮಡಿಸಿ ಮಲಗಬೇಕು. ಬಾತುಕೋಳಿಯ ಕೊಕ್ಕಿನಂಥ ಸಾಧನ ಹಾಕಿ ಒಳಗೆ ನೋಡುತ್ತಾರೆ, ಹೆಸರು ಸ್ಪೆಕ್ಯುಲಮ್. ತಣ್ಣಗಿರುತ್ತದೆ, ಒತ್ತಿದ ಹಾಗಾಗುತ್ತದೆ. ಸೊಂಟ ಬಿಗಿ ಹಿಡಿದರೆ ನೋವು, ಬಾಯಿಂದ ನಿಧಾನವಾಗಿ ಉಸಿರು ಬಿಟ್ಟರೆ ಸಲೀಸು. ಹತ್ತಿಕಡ್ಡಿಯಿಂದ ಸ್ರಾವ ತೆಗೆಯುತ್ತಾರೆ. ಪಿಎಚ್ ಪಟ್ಟಿ ಮುಟ್ಟಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ಮೆತ್ತಿಕೊಂಡ ಕೋಶಗಳನ್ನು ಹುಡುಕುತ್ತಾರೆ, ಅವಕ್ಕೆ ‘ಕ್ಲೂ ಸೆಲ್’ ಎನ್ನುತ್ತಾರೆ. ತೆಳು ಸ್ರಾವ, 4.5ಕ್ಕಿಂತ ಜಾಸ್ತಿ ಪಿಎಚ್, ಮೂಸುವ ಪರೀಕ್ಷೆ, ಕ್ಲೂ ಸೆಲ್ ಈ ನಾಲ್ಕರಲ್ಲಿ ಮೂರು ಇದ್ದರೆ ಬಿವಿ. 1983ರಿಂದ ಇದೇ ಲೆಕ್ಕ. ಎಲ್ಲ ಕಡೆ ಎಲ್ಲವನ್ನೂ ಮಾಡುವುದಿಲ್ಲ. ಲಕ್ಷಣ ಕೇಳಿಯೇ ಮಾತ್ರೆ ಕೊಡುವುದೂ ಇದೆ, ಮೊದಲ ಸಲಕ್ಕೆ ಅದು ಸರಿಯೇ. ಎರಡನೇ ಸಲವೂ ಬಂದರೆ ‘ಸ್ವಾಬ್ ಟೆಸ್ಟ್ ಮಾಡ್ಬಹುದಾ ಮೇಡಂ?’ ಎಂದು ಕೇಳಿ.

ಪರದೆ ಎಳೆಯಲು ಹೇಳಬಹುದು. ಲೇಡಿ ಡಾಕ್ಟರ್ ಬೇಕು ಎನ್ನಬಹುದು. ಗಂಡು ಡಾಕ್ಟರೇ ಇದ್ದರೆ ಜೊತೆಗೆ ಹೆಂಗಸು ನರ್ಸ್ ಇರಲಿ ಎನ್ನಬಹುದು. ‘ಸಾಕು, ನಿಲ್ಲಿಸಿ’ ಎನ್ನಬಹುದು. ಮದುವೆಯಾಗದ ಹುಡುಗಿಯರು ಲೈಂಗಿಕ ಸಂಪರ್ಕ ಇಲ್ಲದಿದ್ದರೆ ಅದನ್ನು ಮೊದಲೇ ಹೇಳಲಿ. ಸಾಧನ ಹಾಕದೆ ಹೊರಗಿನಿಂದಲೇ ಸ್ರಾವ ತೆಗೆಯಲು ಸಾಧ್ಯ.

ಒಂದು ಕಡೆ ನನಗೆ ‘ಸ್ವಚ್ಛವಾಗಿರೋದು ಕಲಿಯಮ್ಮ’ ಎಂದು ಬುದ್ಧಿ ಹೇಳಿ ಕಳಿಸಿದ ಡಾಕ್ಟರೂ ಇದ್ದರು. ಎರಡು ಹೊತ್ತು ಸ್ನಾನ ಮಾಡುವವಳಿಗೆ! ಅಂಥವರು ಸಿಕ್ಕಿದರೆ ಅವರ ಜೊತೆ ವಾದ ಬೇಡ. ಇನ್ನೊಬ್ಬರ ಹತ್ತಿರ ಹೋಗಿ. ನಾನು ಹಾಗೇ ಮಾಡಿದೆ. ಎರಡನೆಯ ಮೇಡಂ ಪರೀಕ್ಷೆ ಮುಗಿಸಿ ಕೈ ತೊಳೆಯುತ್ತಾ ‘ಇದು ಬಿವಿ, ಸಾಮಾನ್ಯ, ಒಂದು ವಾರ ಮಾತ್ರೆ’ ಎಂದರು. ಟೊಮೆಟೊ ರೇಟ್ ಹೇಳುವಷ್ಟು ಸಲೀಸಾಗಿ. ಸಮಾಧಾನ ಮಾಡಲು ಅವರು ಬೇರೇನೂ ಹೇಳಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮಾತ್ರೆ

ಬಿವಿಗೆ ಸಾಮಾನ್ಯವಾಗಿ ಮೆಟ್ರೊನಿಡಜೋಲ್ 400 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 7 ದಿನ. ಇಲ್ಲವೇ ಒಳಗೆ ಹಚ್ಚುವ ಮೆಟ್ರೊನಿಡಜೋಲ್ ಜೆಲ್, ಕ್ಲಿಂಡಮೈಸಿನ್ ಕ್ರೀಮ್. ಊಟವಾದ ಮೇಲೆ ನುಂಗಿ. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಬರುತ್ತದೆ, ವಾಕರಿಕೆ ಆಗಬಹುದು, ಮೂತ್ರ ಕಪ್ಪಗಾಗಬಹುದು. ಹೆದರಬೇಡಿ. ಮದ್ಯ ಬೇಡ. ಕ್ಲಿಂಡಮೈಸಿನ್ ಕ್ರೀಮಿನಲ್ಲಿ ಎಣ್ಣೆ ಅಂಶ ಇರುವುದರಿಂದ ಕಾಂಡೋಮ್ ಹರಿಯಬಹುದು. ಗರ್ಭಿಣಿಯಾಗಿದ್ದರೆ, ಹಾಲುಣಿಸುತ್ತಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಮುಂಚೆಯೇ ಹೇಳಿ. ಗರ್ಭಿಣಿಯರಲ್ಲಿ ಬಿವಿಗೂ ಅವಧಿಗೆ ಮುಂಚಿನ ಹೆರಿಗೆಗೂ ಸಂಬಂಧ ಇದೆ, ಅವರು ಮುಚ್ಚಿಡಲೇಬಾರದು.

ಎರಡು ಮೂರು ದಿನಕ್ಕೇ ವಾಸನೆ ಇಳಿಯುತ್ತದೆ. ಅಲ್ಲಿಗೇ ಮಾತ್ರೆ ನಿಲ್ಲಿಸುವ ಆಸೆ ಎಲ್ಲರಿಗೂ ಬರುತ್ತದೆ. ನಿಲ್ಲಿಸಬೇಡಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದ ಟ್ಯೂಬ್ ಹಚ್ಚಬೇಡಿ. ತುರಿಕೆಗೆಂದು ಕೊಡುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಆ ಜಾಗದ ಚರ್ಮ ತೆಳುವಾಗಿ ಹೊಸ ತೊಂದರೆ ಶುರುವಾಗುತ್ತದೆ.

ಇನ್ನು ತೊಳೆಯುವುದು. ಹೊರಭಾಗ ಮಾತ್ರ, ಬರೀ ನೀರು, ಕೈಯಲ್ಲಿ, ಮುಂದಿನಿಂದ ಹಿಂದಕ್ಕೆ. ಒಣಗಿದ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಹತ್ತಿಯ ಒಳಉಡುಪು, ಬಿಸಿಲಿನಲ್ಲಿ ಒಣಗಿದ್ದು. ಲಂಗದ ಅಡಿಯಲ್ಲಿ ಬಚ್ಚಿಡುವುದು ಬೇಡ. ನೋಡುವವರು ನೋಡಲಿ.

ಮತ್ತೆ ಬಂದರೆ, ಮತ್ತು ಗಂಡನ ಜೊತೆ ಮಾತು

ಇದನ್ನು ಮುಂಚೆಯೇ ತಿಳಿದಿರಿ. ಬಿವಿ ಮತ್ತೆ ಬರುವ ಸಂಭವ ಜಾಸ್ತಿ. ವಾಸಿಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಮರುಕಳಿಸುತ್ತದೆ. ನನಗೆ ಎರಡನೇ ಸಲ ಬಂದಾಗ ಮೊದಲ ಸಲಕ್ಕಿಂತ ಜಾಸ್ತಿ ಕುಸಿದೆ. ‘ಇದು ನನ್ನ ಹಣೆಬರಹ, ಮೈಯೇ ಹೀಗೆ’ ಅನ್ನಿಸಿತು. ಹಾಗಲ್ಲ. ಈ ಬ್ಯಾಕ್ಟೀರಿಯಾಗಳು ಒಳಗೋಡೆಯ ಮೇಲೆ ಪದರ ಕಟ್ಟಿ ಕೂರುತ್ತವೆ. ಜೊತೆಗೆ ಗಂಡಸಿನ ಮೈಮೇಲೂ ಇರುತ್ತವೆ.

ಅದು ಈಚೆಗೆ ಗಟ್ಟಿಯಾದ ಸುದ್ದಿ. ಆಸ್ಟ್ರೇಲಿಯಾದ ಸಂಶೋಧಕರು 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ದಂಪತಿಗಳಲ್ಲಿ ಹೆಂಗಸಿಗೆ ಮಾತ್ರ ಚಿಕಿತ್ಸೆ ಕೊಟ್ಟರು. ಉಳಿದವರಲ್ಲಿ ಗಂಡಸಿಗೂ 7 ದಿನ ಮೆಟ್ರೊನಿಡಜೋಲ್ ಮಾತ್ರೆ ಮತ್ತು ಶಿಶ್ನಕ್ಕೆ ಹಚ್ಚಲು ಕ್ಲಿಂಡಮೈಸಿನ್ ಕ್ರೀಮ್ ಕೊಟ್ಟರು. 12 ವಾರದೊಳಗೆ ಮರುಕಳಿಸಿದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 63 ಮಂದಿಗೆ, ಎರಡನೆಯದರಲ್ಲಿ 35 ಮಂದಿಗೆ. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿತ್ತು ಎಂದು ಅಧ್ಯಯನವನ್ನು ಬೇಗ ನಿಲ್ಲಿಸಿದರು. ಹಾಗಾಗಿ ಪದೇ ಪದೇ ಬರುತ್ತಿದ್ದರೆ ‘ನಮ್ಮೆಜಮಾನರಿಗೂ ಔಷಧಿ ಬೇಕಾ ಮೇಡಂ?’ ಎಂದು ಕೇಳುವುದರಲ್ಲಿ ಅರ್ಥವಿದೆ. ಅವರಿಗೆ ಕಾಂಡೋಮ್ ಹಾಕಲು ಹೇಳುವುದೂ ಉಪಯೋಗಕ್ಕೆ ಬರುತ್ತದೆ.

ಆದರೆ ಈ ಮಾತು ಮನೆಯಲ್ಲಿ ಬಂದ ಕೂಡಲೇ ಅನುಮಾನ ಶುರುವಾಗುತ್ತದೆ. ‘ನಿನಗೆ ಎಲ್ಲಿಂದ ಬಂತು?’, ‘ನಿಮಗೆ ಎಲ್ಲಿಂದ ಬಂತು?’ ಬಿವಿ ಇದೆ ಎಂದಮಾತ್ರಕ್ಕೆ ಯಾರೋ ದಾರಿ ತಪ್ಪಿದ್ದಾರೆ ಎಂದಲ್ಲ. ಒಬ್ಬರಿಗೊಬ್ಬರು ನಿಷ್ಠೆಯಿಂದಿರುವ ದಂಪತಿಗಳಲ್ಲೂ ಬರುತ್ತದೆ. ಟ್ರೈಕೊಮೊನಾಸ್ ಕೂಡ ವರ್ಷಗಟ್ಟಲೆ ಸುಮ್ಮನೆ ಕೂತಿರಬಲ್ಲದು, ಯಾವಾಗ ಬಂತೆಂದು ಹೇಳಲಾಗದು. ಈ ಮಾತನ್ನು ಗಂಡನಿಗೆ ನೀವೇ ಹೇಳಬೇಡಿ, ಡಾಕ್ಟರ ಬಾಯಿಂದ ಹೇಳಿಸಿ.

ನನ್ನ ತೊಂದರೆಯನ್ನು ನಾನು ಗಂಡನಿಗೆ ಹೇಳಿದ್ದು ರಾತ್ರಿ ಅಲ್ಲ, ಮಂಚದ ಮೇಲೂ ಅಲ್ಲ. ವಾರದ ರಜೆಯ ದಿನ ಬೆಳಿಗ್ಗೆ ಅವರು ಬೈಕ್ ಒರೆಸುತ್ತಿದ್ದಾಗ. ಎದುರು ಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಹೇಳುವುದಕ್ಕಿಂತ ಹೀಗೆ ಕೈಗೊಂದು ಕೆಲಸ ಇದ್ದಾಗ ಹೇಳುವುದು ಸುಲಭ. ‘ರೀ, ನನಗೆ ಇನ್ಫೆಕ್ಷನ್ ಆಗಿದೆ, ಅದಕ್ಕೇ ದೂರ ಇದ್ದೆ’ ಎಂದೆ. ಅವರು ‘ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ ಕಣೇ’ ಎಂದರು. ಅಷ್ಟು ತಿಂಗಳೂ ಇಬ್ಬರೂ ಬೇರೆ ಬೇರೆ ಕಾರಣಕ್ಕೆ ನಿದ್ದೆಗೆಟ್ಟಿದ್ದೆವು. ಗಂಡಸರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದೇ ಮಾತು. ಹೆಂಡತಿಗೆ ‘ವಾಸನೆ ಬರ್ತಿದೆ’ ಎಂದು ಹೇಳಬೇಕಾಗಿ ಬಂದರೆ, ಅದರ ಬೆನ್ನಿಗೇ ‘ನಾಳೆ ಆಸ್ಪತ್ರೆಗೆ ನಾನೂ ಬರ್ತೀನಿ’ ಎಂದು ಸೇರಿಸಿ. ಎರಡನೆಯದು ಹೇಳಲು ಆಗದಿದ್ದರೆ ಮೊದಲನೆಯದನ್ನೂ ಹೇಳಬೇಡಿ.

ವಾಸನೆ ಹೋದರೂ ಮನಸ್ಸಿನಿಂದ ಹೋಗದಿದ್ದರೆ

ಟೆಸ್ಟ್ ಸರಿ ಬಂದ ಮೇಲೂ ಕೆಲವು ವಾರ ನನ್ನ ಮೂಗು ಹುಡುಕುತ್ತಲೇ ಇತ್ತು. ಅದು ಮೆಲ್ಲಗೆ ಇಳಿಯುತ್ತದೆ. ನಾನು ಒಂದು ಕಟ್ಟುಪಾಡು ಮಾಡಿಕೊಂಡೆ. ಬಸ್ಸಿನಲ್ಲಿ ಯಾರಾದರೂ ಮೂಗು ಮುಟ್ಟಿದರೆ ಮೊದಲು ಕಿಟಕಿಯಾಚೆ ನೋಡುವುದು. ಏನಾದರೊಂದು ಇದ್ದೇ ಇರುತ್ತದೆ. ತಿಪ್ಪೆಯೋ, ಡೀಸೆಲ್ ಹೊಗೆಯೋ, ಕೋಳಿ ಸಾಗಿಸುವ ಗಾಡಿಯೋ.

ಕೆಲವರಿಗೆ ಇಳಿಯುವುದೇ ಇಲ್ಲ. ಡಾಕ್ಟರು ಇಲ್ಲ ಎಂದರೂ, ಗಂಡ ಇಲ್ಲ ಎಂದರೂ ವಾಸನೆ ಇದೆ ಅನ್ನಿಸುತ್ತದೆ. ದಿನದ ಎಷ್ಟೋ ಹೊತ್ತು ಮೂಸಿ ನೋಡುವುದರಲ್ಲಿ, ಬಟ್ಟೆ ಬದಲಿಸುವುದರಲ್ಲಿ ಹೋಗುತ್ತದೆ. ಕೆಲಸ ಬಿಟ್ಟವರೂ ಇದ್ದಾರೆ. ಇದು ಮನಸ್ಸಿನ ಒಂದು ತೊಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೇ ಅದಕ್ಕೊಂದು ಜಾಗ ಇದೆ, ಚಿಕಿತ್ಸೆಯೂ ಇದೆ. ಆಗ ಐದನೇ ಗೈನಕಾಲಜಿಸ್ಟ್ ಹುಡುಕುವುದು ಬೇಡ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಪುಕ್ಕಟೆ, ಕನ್ನಡದಲ್ಲಿ ಮಾತಾಡುತ್ತಾರೆ. ಸಾಯಬೇಕು ಅನ್ನಿಸುವಷ್ಟು ಬೇಸರ ಇದ್ದರಂತೂ ಟೆಸ್ಟಿನ ರಿಸಲ್ಟಿಗೆ ಕಾಯಬೇಡಿ, ಇವತ್ತೇ ಮಾಡಿ. ಯಾವ ಆಸ್ಪತ್ರೆ, ಯಾವ ವಿಭಾಗ ಎಂದು ಗೊತ್ತಾಗದಿದ್ದರೆ 104 ಆರೋಗ್ಯ ಸಹಾಯವಾಣಿ ಇದೆ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು ಉಳಿದಿದೆ. ಮಗಳು ಬಂದು ವಾಸನೆ ಎಂದರೆ ‘ಸರಿಯಾಗಿ ತೊಳ್ಕೊಳೇ’ ಎಂದು ಬಾಯಿಗೆ ಬಂದೇ ಬರುತ್ತದೆ. ನುಂಗಿಕೊಳ್ಳಿ. ‘ಎಷ್ಟು ದಿನದಿಂದ?’ ಎಂದು ಕೇಳಿ.

ಬಾಯಿ ಬಾರದವರಿಗೆ ಚೀಟಿ

ಎಷ್ಟು ಅಭ್ಯಾಸ ಮಾಡಿದರೂ ಮಾತು ಬರುವುದಿಲ್ಲ ಅನ್ನುವವರು ಒಂದು ಹಾಳೆಯಲ್ಲಿ ಇದನ್ನು ಬರೆದುಕೊಳ್ಳಿ. ಖಾಲಿ ಬಿಟ್ಟಲ್ಲಿ ನಿಮ್ಮದನ್ನು ತುಂಬಿ.

‘ಯೋನಿಯಿಂದ ಕೆಟ್ಟ ವಾಸನೆ ಬರುತ್ತಿದೆ. ಶುರುವಾಗಿ ____ ಆಯಿತು. ಸ್ರಾವದ ಬಣ್ಣ ____. ತುರಿಕೆ ಇದೆ / ಇಲ್ಲ. ಜ್ವರ, ಕಿಬ್ಬೊಟ್ಟೆ ನೋವು ಇದೆ / ಇಲ್ಲ. ಮುಟ್ಟಾದಾಗ, ಸೇರಿದ ಮೇಲೆ ವಾಸನೆ ಜಾಸ್ತಿ ಆಗುತ್ತದೆ / ಇಲ್ಲ. ಕೆಮ್ಮಿದರೆ ಮೂತ್ರ ಸೋರುತ್ತದೆ / ಇಲ್ಲ. ಕೊನೆಯ ಮುಟ್ಟು ____. ಗರ್ಭಿಣಿ ಹೌದು / ಅಲ್ಲ. ಹಿಂದೆ ತೆಗೆದುಕೊಂಡ ಔಷಧಿ ____. ಇದರಿಂದ ಕೆಲಸಕ್ಕೆ, ನಿದ್ದೆಗೆ, ಸಂಸಾರಕ್ಕೆ ತೊಂದರೆಯಾಗಿದೆ. ದಯವಿಟ್ಟು ಪರೀಕ್ಷೆ ಮಾಡಿ.’

ಓಪಿಡಿ ಚೀಟಿಯ ಮೇಲೆ ಇದನ್ನಿಟ್ಟು ಡಾಕ್ಟರ ಕಡೆ ತಿರುಗಿಸಿ ಕೊಡಿ. ಅವರು ಓದಿದ ಮೇಲೆ ಏನು ಕೇಳಿದರೂ ‘ಹೌದು’, ‘ಇಲ್ಲ’ ಎಂದರೆ ಸಾಕು.